ಬೀದಿಯಲ್ಲಿ ಮಕ್ಕಳು, ಜಗಲಿಯಲ್ಲಿ ಹಿರಿಯರು

ಏಪ್ರಿಲ್ ತಿಂಗಳು ಬಂದು ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಗುರುಗಳ ಮನೆಗೆ ಎರಡು ಬಗೆಯ ದೂರುಗಳು ಬರತೊಡಗುತ್ತವೆ. "ಫಾದರ್, ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲು ಬಿಡುವುದಿಲ್ಲ ಈ ಮಕ್ಕಳು. ಪೂಜೆಯ ಕೊನೆಯಲ್ಲಿ ನೀವೇ ಒಂದು ಮಾತು ಹೇಳಿಬಿಡಿ" ಎಂದು ಹಿರಿಯರು. "ಫಾದರ್, ಎದುರು ಮನೆಯ ತಾತ ನಮ್ಮ ಹುಡುಗನ ಚೆಂಡನ್ನು ಕುಯ್ದು ಎರಡು ಹೋಳು ಮಾಡಿ ಬೀದಿಗೆ ಎಸೆದರು. ಚೆಂಡು ಹೋದರೆ ಹೋಗಲಿ, ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ" ಎಂದು ತಾಯಂದಿರು. ಇಬ್ಬರೂ ಭಾನುವಾರದ ಒಂದೇ ಪೂಜೆಗೆ ಬರುವವರು. ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿನಲ್ಲಿ ಒಬ್ಬರು ಎಡಕ್ಕೂ ಇನ್ನೊಬ್ಬರು ಬಲಕ್ಕೂ ತಿರುಗಿ ಕೈ ಮುಗಿಯುತ್ತಾರೆ, ಅಷ್ಟೇ.

ಇದೇನು ದೊಡ್ಡ ವಿಷಯವೇ ಎಂದು ಕೇಳುವವರುಂಟು. ಒಂದು ಚೆಂಡು, ಒಂದು ಕಿಟಕಿ ಗಾಜು, ನಾಲ್ಕು ಬೈಗುಳ. ಆದರೆ ಆಟ ಎಂಬುದು ಐದಾರು ಮಕ್ಕಳು ಸೇರಿದರೆ ಮಾತ್ರ ನಡೆಯುವ ವ್ಯವಹಾರ. ಬೈಗುಳಕ್ಕೆ ಹೆದರಿ ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಂಡರೆ ಉಳಿದ ಮಕ್ಕಳ ಆಟವೂ ಅಲ್ಲಿಗೆ ಮುಗಿಯಿತು. ಒಂದು ರಜೆಯಲ್ಲಿ ನಿಂತುಹೋದ ಆಟ ಮುಂದಿನ ರಜೆಯಲ್ಲಿ ತಾನಾಗಿ ಶುರುವಾಗುವುದಿಲ್ಲ. ಅಷ್ಟರಲ್ಲಿ ಮಕ್ಕಳ ಕೈಗೆ ಮೊಬೈಲು ಬಂದಿರುತ್ತದೆ. ಬೀದಿ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವನ್ನು ಶಾಂತಿ ಎಂದು ಕರೆಯಬಹುದೇ ಎಂಬುದು ಇಂದಿನ ಪಾಠದ ವಿಷಯ.

ಜಾಗ ಕಿರಿದಾಯಿತು

ಮಕ್ಕಳು ಕೆಟ್ಟುಹೋಗಿದ್ದಾರೆ ಎಂದು ಹಿರಿಯರು ಹೇಳುವುದು ಸುಲಭ. ಮುದುಕರಿಗೆ ಹೃದಯವಿಲ್ಲ ಎಂದು ಕಿರಿಯರು ಹೇಳುವುದೂ ಸುಲಭ. ನಿಜವಾಗಿ ಬದಲಾಗಿರುವುದು ಇಬ್ಬರ ನಡುವೆ ಇದ್ದ ಜಾಗ. ನಮ್ಮ ಬಾಲ್ಯದಲ್ಲಿ ಮೂವತ್ತು-ನಲವತ್ತು ಅಡಿಯ ಸೈಟಿನಲ್ಲಿ ಒಂದು ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಒಂದು ನುಗ್ಗೆ ಮರ, ಪಕ್ಕದಲ್ಲಿ ಯಾರೂ ಮನೆ ಕಟ್ಟದ ಖಾಲಿ ಸೈಟು. ಆ ಖಾಲಿ ಸೈಟೇ ನಮ್ಮ ಮೈದಾನ. ಲಗೋರಿ, ಚಿನ್ನಿದಾಂಡು, ಬುಗುರಿ, ಗೋಲಿ, ಹೆಣ್ಣುಮಕ್ಕಳ ಕುಂಟೆಬಿಲ್ಲೆ ಎಲ್ಲವೂ ಅಲ್ಲೇ. ಈಗ ಅದೇ ಅಳತೆಯ ಸೈಟಿನಲ್ಲಿ ಮೂರು ಅಂತಸ್ತು, ನಾಲ್ಕು ಸಂಸಾರ. ಬೀದಿಯ ಎರಡೂ ಬದಿಗೆ ಕಾರುಗಳು ನಿಂತಿವೆ. ನಡುವೆ ಉಳಿದ ಹತ್ತು ಹನ್ನೆರಡು ಅಡಿಯಲ್ಲಿ ನೀರಿನ ಟ್ಯಾಂಕರು, ಸ್ಕೂಟರು, ನಾಯಿ, ಕ್ರಿಕೆಟ್ಟು ಎಲ್ಲವೂ ನಡೆಯಬೇಕು.

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಒಂದು ಕಾಯಿದೆ ಇದೆ. ಆದರೂ ಎಷ್ಟೋ ಪಾರ್ಕುಗಳಲ್ಲಿ ನಡೆಯುವವರಿಗೆ ಹಾದಿ, ನೋಡುವವರಿಗೆ ಹುಲ್ಲುಹಾಸು, ಮಕ್ಕಳಿಗೆ 'ಚೆಂಡಾಟ ನಿಷೇಧಿಸಲಾಗಿದೆ' ಎಂಬ ಬೋರ್ಡು. ಅಪಾರ್ಟ್‌ಮೆಂಟುಗಳಲ್ಲಿ ಪುಟ್ಟ ಮಕ್ಕಳಿಗೆ ಜಾರುಬಂಡೆ, ಉಯ್ಯಾಲೆ ಇರುತ್ತವೆ. ಹತ್ತರಿಂದ ಹದಿನೈದು ವರ್ಷದ ಹುಡುಗ ಹುಡುಗಿಯರು ಎಲ್ಲಿಗೆ ಹೋಗಬೇಕು ಎಂಬುದನ್ನು ನಕ್ಷೆ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ. ಕಾರಿಗೆ ಮಾತ್ರ ಜಾಗ ಗುರುತು ಮಾಡಿ ನಂಬರು ಹಾಕಿರುತ್ತಾರೆ.

ಇಷ್ಟು ಇಕ್ಕಟ್ಟಿನಲ್ಲೂ ಮಕ್ಕಳು ನ್ಯಾಯ ಬಿಟ್ಟವರಲ್ಲ ಎಂಬುದನ್ನು ಹಿರಿಯರು ಗಮನಿಸಬೇಕು. ಗಲ್ಲಿ ಕ್ರಿಕೆಟ್ಟಿನಲ್ಲಿ ಸಿಡುಕಿನ ತಾತನ ಕಾಂಪೌಂಡಿಗೆ ಚೆಂಡು ಹೊಡೆದವನು ಔಟ್. ಈ ನಿಯಮವನ್ನು ಯಾವ ದೊಡ್ಡವರೂ ಅವರಿಗೆ ಕಲಿಸಿಲ್ಲ. ಹಿರಿಯರ ಸಿಟ್ಟಿಗೆ ಹೆದರಿ ತಮ್ಮ ಆಟದ ಕಾನೂನನ್ನೇ ತಿದ್ದಿಕೊಂಡ ಮಕ್ಕಳನ್ನು 'ಭಯಭಕ್ತಿ ಇಲ್ಲದವರು' ಎನ್ನುವುದು ಸರಿಯೇ?

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಎಲ್ಲ ಮಕ್ಕಳ ಸದ್ದೂ ಒಂದೇ ರೀತಿ ಕೇಳಿಸುವುದಿಲ್ಲ. ಸ್ವಂತ ಮನೆಯವರ ಮಕ್ಕಳು ಕೂಗಿದರೆ ಆಟ, ಬಾಡಿಗೆ ಮನೆಯವರ ಮಕ್ಕಳು ಕೂಗಿದರೆ ಗಲಾಟೆ. ಕೆಲಸದವರ ಮಗು ಸೈಕಲ್ ಮುಟ್ಟಿದರೆ ಕಳ್ಳತನದ ಅನುಮಾನ. ಜಗಳ ಬಂದಾಗ ಮೊದಲು ಮನೆಯೊಳಗೆ ಹೋಗಬೇಕಾದವಳು ಹುಡುಗಿ. ಹುಡುಗರು ಬೈಸಿಕೊಂಡು ಮುಂದಿನ ಬೀದಿಗೆ ಹೋಗುತ್ತಾರೆ. ಹನ್ನೊಂದು ಹನ್ನೆರಡು ವರ್ಷದ ಹುಡುಗಿಗೆ ಮುಂದಿನ ಬೀದಿ ಇರುವುದಿಲ್ಲ, ಅವಳ ಆಟ ಅಲ್ಲಿಗೇ ಮುಗಿಯುತ್ತದೆ. ಎದುರು ಮನೆಯವರು ಒಂದು ಮಾತು ಅಂದದ್ದಕ್ಕೆ ಒಬ್ಬಳು ಮಗಳ ಹೊರಗಿನ ಬದುಕೇ ಮುಚ್ಚಿಹೋಗುತ್ತದೆ ಎಂಬುದು ಅಂದವರಿಗೆ ತಿಳಿದಿರುವುದಿಲ್ಲ.

ಹಿರಿಯರ ಕಿವಿ, ಹಿರಿಯರ ಭಯ

ಹಾಗೆಂದು ಹಿರಿಯರ ದೂರನ್ನು ಸಿಡುಕು ಎಂದು ಬದಿಗಿಡುವುದು ಅನ್ಯಾಯ. ತಲೆನರೆತವರ ಮುಂದೆ ಎದ್ದು ನಿಲ್ಲಬೇಕೆಂಬುದು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದ ಕಟ್ಟಳೆ. ಎದ್ದು ನಿಲ್ಲುವುದೆಂದರೆ ಅವರ ಕಷ್ಟವನ್ನು ಕೇಳುವುದೂ ಹೌದು.

ವಯಸ್ಸಾದಂತೆ ಕಿವಿ ಮಂದವಾಗುತ್ತದೆ ಎಂದು ನಮಗೆಲ್ಲ ಗೊತ್ತು. ಆದರೆ ಅದು ರೇಡಿಯೋದ ಸದ್ದನ್ನು ತಗ್ಗಿಸಿದ ಹಾಗಲ್ಲ. ಮೊದಲು ಕುಗ್ಗುವುದು ತಾರಸ್ವರಗಳನ್ನು ಕೇಳುವ ಶಕ್ತಿ. ಇದರಿಂದ ಮಾತಿನ ಸ್ಪಷ್ಟತೆ ಹೋಗುತ್ತದೆ. ಸೊಸೆ ಹೇಳಿದ್ದು ಕೇಳಿಸುತ್ತದೆ, ಏನು ಹೇಳಿದಳೆಂದು ತಿಳಿಯುವುದಿಲ್ಲ. ಜೊತೆಗೆ ಇನ್ನೊಂದು ವಿಚಿತ್ರವೂ ಅನೇಕರಲ್ಲಿ ಸೇರಿಕೊಳ್ಳುತ್ತದೆ. ಮೆಲುದನಿ ಕೇಳಿಸದ ಅದೇ ಕಿವಿಗೆ ಸದ್ದು ಒಂದು ಮಟ್ಟ ದಾಟಿದೊಡನೆ ಅದು ಏಕಾಏಕಿ ಬಹಳ ಜೋರಾಗಿ ಬಡಿಯುತ್ತದೆ. ಆದ್ದರಿಂದ "ತಾತನಿಗೆ ಕಿವಿಯೇ ಕೇಳಿಸುವುದಿಲ್ಲ, ಮಕ್ಕಳ ಕೂಗು ಮಾತ್ರ ಹೇಗೆ ಕೇಳಿಸುತ್ತದೆ?" ಎಂದು ನಗುವವರು ತಿಳಿಯದೆ ನಗುತ್ತಾರೆ. ಅವರಿಗೆ ನಿಜಕ್ಕೂ ಹಾಗೆಯೇ ಕೇಳಿಸುತ್ತದೆ.

ರಾತ್ರಿಯ ನಿದ್ದೆಯೂ ಹಾಗೆಯೇ. ಮುಪ್ಪಿನಲ್ಲಿ ನಿದ್ದೆ ತೆಳುವಾಗುತ್ತದೆ, ನಡುನಡುವೆ ಎಚ್ಚರವಾಗುತ್ತದೆ. ರಾತ್ರಿ ಸಾಲದ್ದನ್ನು ಮಧ್ಯಾಹ್ನ ತುಂಬಿಕೊಳ್ಳಬೇಕು. ಸರಿಯಾಗಿ ಅದೇ ಹೊತ್ತಿಗೆ ಗೇಟಿಗೆ ಚೆಂಡು ಬಡಿಯುತ್ತದೆ. ಇನ್ನು ಬೀಳುವ ಭಯ. ಎಪ್ಪತ್ತೈದು ವರ್ಷದ ಅಜ್ಜಿಗೆ ಓಡಿ ಬರುವ ಹುಡುಗ ಡಿಕ್ಕಿ ಹೊಡೆದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯಬೇಕಾಗಬಹುದು. ಹುಡುಗನಿಗೆ ಅದು ಮೊಣಕಾಲು ತರಚಿದ ಗಾಯ, ಅಜ್ಜಿಗೆ ಉಳಿದ ಆಯುಸ್ಸಿನ ಪ್ರಶ್ನೆ.

ಇವೆಲ್ಲಕ್ಕಿಂತ ಆಳದಲ್ಲಿ ಇನ್ನೊಂದು ನೋವು ಇರುತ್ತದೆ, ಅದನ್ನು ಯಾರೂ ದೂರಿನ ರೂಪದಲ್ಲಿ ಹೇಳುವುದಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಗಲ್ಫ್ ದೇಶಗಳಲ್ಲೋ ಕೆನಡಾದಲ್ಲೋ ಇದ್ದಾರೆ. ಮೊಮ್ಮಕ್ಕಳು ಭಾನುವಾರದ ವೀಡಿಯೋ ಕರೆಯಲ್ಲಿ ಹತ್ತು ನಿಮಿಷ ಕಾಣುತ್ತಾರೆ. ಅಂಥ ಮನೆಯ ಬಾಗಿಲಲ್ಲಿ ಬೇರೆಯವರ ಮೊಮ್ಮಕ್ಕಳು ದಿನವಿಡೀ ನಗುತ್ತಿದ್ದರೆ ಆ ನಗು ಕಿವಿಗಿಂತ ಒಳಗೆ ಎಲ್ಲೋ ಚುಚ್ಚುತ್ತದೆ. ಸಿಟ್ಟು ಚೆಂಡಿನ ಮೇಲೆ ತೀರುತ್ತದೆ.

ಈ ತಂಟೆ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಜಪಾನಿನ ನಾಗಾನೊ ನಗರದಲ್ಲಿ ಮಕ್ಕಳ ಸದ್ದಿನ ಬಗ್ಗೆ ನೆರೆಮನೆಯಿಂದ ಬಂದ ದೂರುಗಳ ನಂತರ 2023ರಲ್ಲಿ ಒಂದು ಆಟದ ಅಂಗಳವನ್ನೇ ಮುಚ್ಚಿದರು. ದೇಶವೆಲ್ಲ ಅದರ ಬಗ್ಗೆ ಚರ್ಚೆ ನಡೆಯಿತು. ಟೋಕಿಯೋ ನಗರಾಡಳಿತವು 2015ರಲ್ಲಿ ತನ್ನ ನಿಯಮವನ್ನು ತಿದ್ದಿ ಶಾಲೆಗೆ ಹೋಗದ ಪುಟ್ಟ ಮಕ್ಕಳ ದನಿಯನ್ನು ಶಬ್ದಮಿತಿಯ ಲೆಕ್ಕದಿಂದ ಹೊರಗಿಟ್ಟಿತು. ಜರ್ಮನಿಯಲ್ಲಿ ಶಿಶುವಿಹಾರ ಮತ್ತು ಆಟದ ಅಂಗಳಗಳ ವಿರುದ್ಧ ನೆರೆಹೊರೆಯವರು ನ್ಯಾಯಾಲಯಕ್ಕೆ ಹೋಗುವುದು ನಡೆದೇ ಇತ್ತು. ಕೊನೆಗೆ 2011ರಲ್ಲಿ ಅಲ್ಲಿನ ಸಂಸತ್ತು ಇಂಥ ಕಡೆಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕರ ಶಬ್ದವೆಂದು ಎಣಿಸಬಾರದೆಂದು ಕಾನೂನು ಮಾಡಬೇಕಾಯಿತು. ಮಗುವಿಗೆ ಆಡುವ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಇವೆಲ್ಲ ಒಳ್ಳೆಯದೇ. ಆದರೆ ಕಾನೂನು ತಾತನ ಬಾಯಿ ಮುಚ್ಚಿಸಬಹುದು, ತಾತನನ್ನು ಜಗಲಿಗೆ ಕರೆತರಲಾರದು.

ಪ್ರವಾದಿ ಕಂಡ ಬೀದಿ

ಪವಿತ್ರ ಗ್ರಂಥದಲ್ಲಿ ಈ ವಿಷಯಕ್ಕೆ ನೇರವಾಗಿ ಸೇರಿದ ಒಂದು ಭಾಗವಿದೆ. ಭಾನುವಾರದ ವಾಚನಗಳಲ್ಲಿ ಅದು ಬರುವುದಿಲ್ಲವಾದ್ದರಿಂದ ನಮ್ಮಲ್ಲಿ ಬಹಳ ಮಂದಿ ಅದನ್ನು ಕೇಳಿರಲಾರರು. ಪ್ರವಾದಿ ಜೆಕರ್ಯನ ಗ್ರಂಥದ ಎಂಟನೆಯ ಅಧ್ಯಾಯ, ನಾಲ್ಕು ಮತ್ತು ಐದನೆಯ ವಚನಗಳು.

ಸಂದರ್ಭವನ್ನು ನೆನಪಿಸಿಕೊಳ್ಳೋಣ. ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿಯದವರು ಜೆರುಸಲೇಮನ್ನು ಹಾಳುಗೆಡವಿದರು. ಸುಮಾರು ಐವತ್ತು ವರ್ಷಗಳ ನಂತರ ಪರ್ಷಿಯದ ರಾಜ ಕೋರೇಷನ ಅಪ್ಪಣೆಯಿಂದ ಜನ ಹಿಂದಿರುಗತೊಡಗಿದರು. ಜೆಕರ್ಯ ಮಾತನಾಡುವುದು ಕ್ರಿಸ್ತಪೂರ್ವ 520ರಿಂದ 518ರ ಸುಮಾರಿನಲ್ಲಿ. ದೇವಾಲಯ ಇನ್ನೂ ಪೂರ್ತಿಯಾಗಿಲ್ಲ, ಊರಗೋಡೆ ಎದ್ದಿಲ್ಲ, ಬೀದಿಗಳಲ್ಲಿ ಜನವಿಲ್ಲ. ಜನ ಬಂದು ಪ್ರವಾದಿಯನ್ನು ಕೇಳಿದ್ದು ಉಪವಾಸದ ಬಗ್ಗೆ: ಇನ್ನೂ ಎಷ್ಟು ವರ್ಷ ನಾವು ಶೋಕದ ಉಪವಾಸ ಮಾಡಬೇಕು? ಅದಕ್ಕೆ ಉತ್ತರವಾಗಿ ದೇವರು ಕೊಡುವ ವಾಗ್ದಾನದ ನಡುವೆ ಒಂದು ಚಿತ್ರ ಬರುತ್ತದೆ. ಬಹಳ ವಯಸ್ಸಾಗಿ ಕೈಯಲ್ಲಿ ಊರುಗೋಲು ಹಿಡಿದ ಮುದುಕ ಮುದುಕಿಯರು ಮತ್ತೆ ಜೆರುಸಲೇಮಿನ ಚೌಕಗಳಲ್ಲಿ ಕುಳಿತಿರುತ್ತಾರೆ; ಆಡುವ ಹುಡುಗ ಹುಡುಗಿಯರಿಂದ ಆ ಚೌಕಗಳು ತುಂಬಿರುತ್ತವೆ.

ದೇವರು ಒಂದು ನಗರವನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ ಎಂಬುದರ ಗುರುತು ಇದು. ಅರಮನೆಯಲ್ಲ, ಸೈನ್ಯವಲ್ಲ. ಒಂದು ಕಡೆ ಊರುಗೋಲು, ಇನ್ನೊಂದು ಕಡೆ ಆಟ. ಹಿರಿಯರಿಗೊಂದು ಬೀದಿ, ಮಕ್ಕಳಿಗೊಂದು ಬೀದಿ ಎಂದು ಪ್ರವಾದಿ ಹಂಚಿಕೊಟ್ಟಿಲ್ಲ. ಹಿಬ್ರೂ ಮೂಲದಲ್ಲಿ ಎರಡೂ ವಚನಗಳಲ್ಲಿ ಬರುವುದು ಒಂದೇ ಪದ, ರೆಹೋಬ್. ಅಗಲವಾದ ಜಾಗ, ಚೌಕ, ಬಯಲು ಎಂದು ಅದರ ಅರ್ಥ. ಹುಡುಗಿಯರನ್ನೂ ಪ್ರವಾದಿ ಬಿಟ್ಟಿಲ್ಲ ಎಂಬುದನ್ನು ಗಮನಿಸಿ. 'ಆಡುವ' ಎಂಬಲ್ಲಿ ಬಳಸಿದ ಕ್ರಿಯಾಪದವೇ ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ, ಲೋಕದ ಸೃಷ್ಟಿಯ ಹೊತ್ತಿನಲ್ಲಿ ದೇವರ ಮುಂದೆ ಆಡಿ ನಲಿಯುತ್ತಿದ್ದ ಜ್ಞಾನದ ಬಗ್ಗೆಯೂ ಬರುತ್ತದೆ.

ಈ ಚಿತ್ರದ ಬೆಲೆ ತಿಳಿಯಬೇಕಾದರೆ ಅದರ ತಿರುವುಮುರುವು ಚಿತ್ರವನ್ನೂ ನೋಡಬೇಕು. ನಗರ ನಾಶವಾದಾಗ ಬರೆದ ಪ್ರಲಾಪಗಳ ಗ್ರಂಥದ ಐದನೆಯ ಅಧ್ಯಾಯದಲ್ಲಿ ಹಿರಿಯರು ಊರಬಾಗಿಲಿನಿಂದ ಕಾಣೆಯಾಗಿದ್ದಾರೆ, ಯುವಕರ ಹಾಡು ನಿಂತಿದೆ. ಯೆರೆಮೀಯನ ಒಂಬತ್ತನೆಯ ಅಧ್ಯಾಯದಲ್ಲಿ ಮೃತ್ಯು ಕಿಟಕಿ ಹತ್ತಿ ಒಳಗೆ ಬಂದು ಬೀದಿಯ ಮಕ್ಕಳನ್ನು ಕಡಿದುಹಾಕುತ್ತದೆ. ಪವಿತ್ರ ಗ್ರಂಥದ ಕಣ್ಣಿಗೆ ಮಕ್ಕಳಿಲ್ಲದ ಬೀದಿ ಶಾಂತವಾದ ಬೀದಿಯಲ್ಲ, ಸಾವು ಹೊಕ್ಕ ಬೀದಿ. ವಿನಾಶದಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ಬೀದಿಯಿಂದ ಮಾಯವಾದರು. ಬಿಡುಗಡೆಯಲ್ಲಿ ಇಬ್ಬರೂ ಒಟ್ಟಿಗೆ ಹಿಂದಿರುಗಿದರು. ನಮ್ಮ ಬೀದಿಗಳನ್ನು ನೋಡಿ. ಮಕ್ಕಳನ್ನು ಒಳಗಟ್ಟಿದ ಬೀದಿಯಲ್ಲಿ ತಾತ ಹೊರಗೆ ಬಂದು ಕುಳಿತಿದ್ದಾರೆಯೇ? ಅವರೂ ಒಳಗೆ ಟಿ.ವಿ. ಮುಂದೆ ಇದ್ದಾರೆ. ಬೀದಿಯನ್ನು ಗೆದ್ದದ್ದು ಕಾರು.

ಆಟ ವ್ಯರ್ಥವೇ?

"ಹೊತ್ತು ಕಳೆಯುವುದು ಬಿಟ್ಟು ಓದಿಕೊಳ್ಳಬಾರದೇ?" ಎಂಬುದು ಹಿರಿಯರ ಇನ್ನೊಂದು ಮಾತು. ಭಕ್ತಿವಂತರ ಬಾಯಲ್ಲಿ ಇದು ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ, ಆಟದಲ್ಲಿ ಏನೋ ಪಾಪವಿದ್ದ ಹಾಗೆ. ಸಂತ ಥಾಮಸ್ ಅಕ್ವಿನಾಸರು ಹಾಗೆ ಕಲಿಸಲಿಲ್ಲ. ಅವರ ಮಹಾಗ್ರಂಥ 'ಸುಮ್ಮಾ ಥಿಯೊಲಾಜಿಯೆ'ಯ ಎರಡನೆಯ ಭಾಗದ ದ್ವಿತೀಯಾರ್ಧದಲ್ಲಿ, 168ನೆಯ ಪ್ರಶ್ನೆಯಡಿ, ಆಟದಲ್ಲಿ ಸದ್ಗುಣ ಇರಬಲ್ಲದೇ ಎಂದು ಕೇಳಿಕೊಂಡು, ಇರಬಲ್ಲದು ಎಂದು ಉತ್ತರಿಸುತ್ತಾರೆ. ಮೈ ದಣಿದಾಗ ವಿಶ್ರಾಂತಿ ಬೇಕಾದಂತೆ ಆತ್ಮ ದಣಿದಾಗ ಅದಕ್ಕೂ ವಿಶ್ರಾಂತಿ ಬೇಕು. ಆತ್ಮದ ವಿಶ್ರಾಂತಿ ಆನಂದ. ಅಲ್ಲಿ ಅವರು ಹಳೆಯ ಒಂದು ಕಥೆಯನ್ನೂ ನೆನೆಯುತ್ತಾರೆ. ಪ್ರೇಷಿತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಯೊವಾನ್ನರು ಬಿಲ್ಲು ಹಿಡಿದಿದ್ದ ಒಬ್ಬನಿಗೆ ಬಾಣ ಬಿಡಲು ಹೇಳಿದರು. ಹಲವು ಸಲ ಬಿಟ್ಟ ಮೇಲೆ, ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿಯುತ್ತದೆ ಎಂದ ಆತ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು.

ಮುಂದಿನ ಉಪಪ್ರಶ್ನೆಗಳು ಇನ್ನೂ ಹತ್ತಿರದವು. ಆಟ ಅತಿಯಾದರೆ ದೋಷ. ಅದು ಸಮಯಕ್ಕೆ, ಸ್ಥಳಕ್ಕೆ, ವ್ಯಕ್ತಿಗಳಿಗೆ ಹೊಂದಬೇಕು. ಇದು ಮಕ್ಕಳಿಗೂ ತಂದೆತಾಯಿಗಳಿಗೂ. ಆದರೆ ತಾನೂ ನಲಿಯದೆ, ನಲಿಯುವವರ ಸಂತೋಷವನ್ನೂ ಸಹಿಸದೆ ಇತರರಿಗೆ ಹೊರೆಯಾಗುವುದು ಕೂಡ ದೋಷವೇ ಎನ್ನುತ್ತಾರೆ ಅಕ್ವಿನಾಸರು. ಎರಡರಲ್ಲಿ ಅತಿಯಾದ ಆಟವೇ ಹೆಚ್ಚಿನ ದೋಷ ಎಂದೂ ಅವರು ಸೇರಿಸುವುದರಿಂದ ಹಿರಿಯರು ಸ್ವಲ್ಪ ಸಮಾಧಾನ ಪಡಬಹುದು! ಆದರೂ ಪಾಪನಿವೇದನೆಗೆ ಸಿದ್ಧವಾಗುವಾಗ 'ಮಕ್ಕಳ ಮೇಲೆ ಕೋಪ ಮಾಡಿಕೊಂಡೆ' ಎನ್ನುವ ನಾವು 'ಮಕ್ಕಳ ಸಂತೋಷವನ್ನು ಕಂಡು ಸಹಿಸಲಿಲ್ಲ' ಎಂದು ಎಂದಾದರೂ ಹೇಳಿದ್ದೇವೆಯೇ?

ಟ್ಯೂರಿನ್ ನಗರದ ನೆರೆಹೊರೆ

ಮಕ್ಕಳ ಸದ್ದಿನಿಂದಾಗಿ ಮನೆ ಮನೆ ಅಲೆದ ಒಬ್ಬ ಸಂತರು ನಮಗಿದ್ದಾರೆ. ಸಂತ ಜಾನ್ ಬೋಸ್ಕೊ ಅವರ ಚಿತ್ರ ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ, ಸುತ್ತ ನಗುವ ಹುಡುಗರು. ಆ ಹುಡುಗರ ಹಿಂದೆ ಗೊಣಗುತ್ತಿದ್ದ ನೆರೆಯವರನ್ನು ಚಿತ್ರಕಾರರು ಬಿಡಿಸಿಲ್ಲ.

1841ರ ಡಿಸೆಂಬರ್ 8ರಂದು ಟ್ಯೂರಿನ್ ನಗರದ ಒಂದು ದೇವಾಲಯದಲ್ಲಿ ಅನಾಥ ಕೆಲಸಗಾರ ಹುಡುಗನೊಬ್ಬನಿಗೆ ಧರ್ಮೋಪದೇಶ ಹೇಳಿಕೊಡುವುದರಿಂದ ಅವರ ಕೆಲಸ ಆರಂಭವಾಯಿತು. ಬಂದವರು ಹಳ್ಳಿಗಳಿಂದ ನಗರಕ್ಕೆ ದುಡಿಯಲು ಬಂದ ಹುಡುಗರು, ಗಾರೆ ಕೆಲಸದವರು, ಚಿಮಣಿ ಗುಡಿಸುವವರು. ವಾರವೆಲ್ಲ ದುಡಿತ, ಭಾನುವಾರ ಒಂದೇ ಬಿಡುವು. ಜಗಳದ ಬೇರು ಇಲ್ಲೇ ಇದೆ. ನೆರೆಹೊರೆಯವರಿಗೂ ಭಾನುವಾರವೇ ವಿಶ್ರಾಂತಿಯ ದಿನ. ಒಬ್ಬರ ವಿಶ್ರಾಂತಿ ಮಲಗುವುದು, ಇನ್ನೊಬ್ಬರ ವಿಶ್ರಾಂತಿ ಓಡುವುದು.

1845ರಲ್ಲಿ ಒಂದು ಭಾನುವಾರ ಹುಡುಗರನ್ನು ಹಳೆಯ ಸ್ಮಶಾನವೊಂದರ ಅಂಗಳಕ್ಕೆ ಕರೆದೊಯ್ದರು. ಅಲ್ಲಿನ ಗುರುಗಳ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸು ಸದ್ದಿಗೆ ಸಿಡಿದೆದ್ದಳು. ದೂರು ನಗರಸಭೆಗೆ ಹೋಯಿತು, ಮುಂದಿನ ಭಾನುವಾರ ಜಾಗವಿಲ್ಲ. ನಂತರ ನದಿ ದಂಡೆಯ ಹಿಟ್ಟಿನ ಗಿರಣಿಗಳ ಬಳಿ ಇದ್ದ ಪ್ರಾರ್ಥನಾಲಯಕ್ಕೆ ಹೋದರು. ಕುಣಿತ, ಹಾಡು, ಗದ್ದಲ ತಾಳಲಾಗದು ಎಂದು ಗಿರಣಿಯವರು ದೂರಿದರು. ಮತ್ತೆ ಜಾಗವಿಲ್ಲ. ಚಳಿಗಾಲಕ್ಕೆ ಗುರು ಮೊರೆತ್ತಾ ಎಂಬುವರ ಮನೆಯಲ್ಲಿ ಮೂರು ಕೋಣೆ ಬಾಡಿಗೆಗೆ ಹಿಡಿದರು. ಸದ್ದು ನಿಲ್ಲದಿದ್ದರೆ ನಾವೇ ಮನೆ ಬಿಡುತ್ತೇವೆ ಎಂದರು ಉಳಿದ ಬಾಡಿಗೆದಾರರು. 1846ರ ವಸಂತಕಾಲದಲ್ಲಿ ಫಿಲಿಪ್ಪಿ ಸಹೋದರರ ಹುಲ್ಲುಗಾವಲಿಗೆ ಬಂದರು. ಅಲ್ಲಿ ಸದ್ದಿನ ದೂರಿಲ್ಲ, ಹುಲ್ಲಿನ ಬೇರೇ ಸತ್ತುಹೋಗುವಂತೆ ತುಳಿಯುತ್ತಾರೆ ಎಂಬ ದೂರು. ಇನ್ನೊಂದು ಕಡೆ ನಗರದ ಅಧಿಕಾರಿಗಳಿಗೆ ಇಷ್ಟು ಹುಡುಗರು ಒಂದೆಡೆ ಸೇರಿದರೆ ದೊಂಬಿಯಾದೀತೆಂಬ ಭಯ.

ಆ ವರ್ಷದ ಏಪ್ರಿಲ್ 5, ಗರಿಗಳ ಭಾನುವಾರ. ಹುಲ್ಲುಗಾವಲಿನಲ್ಲಿ ಅದೇ ಕೊನೆಯ ದಿನ. ಹುಡುಗರಿಗೆ ಏನೂ ಗೊತ್ತಿಲ್ಲದೆ ಆಡುತ್ತಿದ್ದಾರೆ. ಡಾನ್ ಬೋಸ್ಕೊ ಒಂದು ಪಕ್ಕಕ್ಕೆ ಹೋಗಿ, ಮುಂದಿನ ವಾರ ಇವರನ್ನು ಎಲ್ಲಿ ಸೇರಿಸಲಿ ಎಂದು ದೇವರನ್ನು ಕೇಳುತ್ತಾ ಅತ್ತರು. ತಮ್ಮ ನೆನಪುಗಳ ಪುಸ್ತಕದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆ ಸಂಜೆಯೇ ಪಿನಾರ್ದಿ ಎಂಬಾತನ ತಗ್ಗಾದ ಚಪ್ಪರದ ಸುದ್ದಿ ಬಂತು. ವರ್ಷಕ್ಕೆ 300 ಲೀರಾ ಬಾಡಿಗೆ ಎಂದಾತ ಹೇಳಿದ. 320 ಕೊಡುತ್ತೇನೆ, ಆದರೆ ಸುತ್ತ ಇರುವ ನೆಲದ ಪಟ್ಟಿಯೂ ಹುಡುಗರ ಆಟಕ್ಕೆ ಬೇಕು ಎಂದರು ಡಾನ್ ಬೋಸ್ಕೊ. ಕೈಯಲ್ಲಿ ಕಾಸಿಲ್ಲದ ಗುರುಗಳು ಕೇಳಿದ್ದಕ್ಕಿಂತ 20 ಲೀರಾ ಹೆಚ್ಚು ಕೊಟ್ಟದ್ದು ಆಟದ ಅಂಗಳಕ್ಕಾಗಿ. ಏಪ್ರಿಲ್ 12ರ ಪಾಸ್ಖಹಬ್ಬಕ್ಕೆ ಅಲ್ಲಿ ಪೂಜೆ ನಡೆಯಿತು, ಪೂಜೆಯಾದ ಮೇಲೆ ಆಟವೂ ನಡೆಯಿತು.

ಕಥೆ ಇಲ್ಲಿಗೆ ಮುಗಿದರೆ ಇದು ಮಕ್ಕಳ ಪರವಾದ ಕಥೆಯಷ್ಟೇ ಆಗುತ್ತಿತ್ತು. ಅದೇ ನವೆಂಬರಿನಲ್ಲಿ ಅವರ ತಾಯಿ ಮಾರ್ಗರೀತಾ ಹಳ್ಳಿ ಬಿಟ್ಟು ಮಗನ ಜೊತೆ ಇರಲು ಬಂದರು. ಆಗ ಅವರಿಗೆ 58 ವರ್ಷ. ಅಡಿಗೆ, ಬಟ್ಟೆ ಹೊಲಿಗೆ ಎಲ್ಲವೂ ಅವರದೇ. ಮನೆ ಪಕ್ಕದಲ್ಲಿ ತರಕಾರಿ ಪಾತಿ ಮಾಡಿಕೊಂಡಿದ್ದರು. ಹುಡುಗರು ಸೈನಿಕರ ಆಟವಾಡುತ್ತಾ ಒಮ್ಮೆ ಆ ಪಾತಿಗಳನ್ನೆಲ್ಲ ತುಳಿದು ನೆಲಸಮ ಮಾಡಿದರು. ತಾಯಿ ಸಹಿಸಿದರು. ವರ್ಷಗಳು ಕಳೆದವು. ಕೊನೆಗೊಂದು ದಿನ ಮಗನ ಮುಂದೆ ನಿಂತು ಎಲ್ಲವನ್ನೂ ಹೇಳಿದರು: ಒಣಗಲು ಹಾಕಿದ ಬಟ್ಟೆ ನೆಲಕ್ಕೆ ಬೀಳುತ್ತದೆ, ತರಕಾರಿ ಉಳಿಯುವುದಿಲ್ಲ, ಅಡಿಗೆಯ ಪಾತ್ರೆಗಳು ಆಟದ ಸಾಮಾನಾಗುತ್ತವೆ, ನನ್ನಿಂದ ಇನ್ನಾಗದು, ಊರಿಗೆ ಹೋಗುತ್ತೇನೆ. ಮಗ ಏನೂ ಮಾತನಾಡದೆ ಗೋಡೆಯ ಮೇಲಿದ್ದ ಶಿಲುಬೆಯನ್ನು ತೋರಿಸಿದರು. ತಾಯಿ ಉಳಿದರು, 1856ರಲ್ಲಿ ಅಲ್ಲೇ ತೀರಿಕೊಂಡರು.

ಪ್ರಬೋಧನೆಗಳಲ್ಲಿ ಈ ಕಥೆಯ ಕೊನೆ ಮಾತ್ರ ಕೇಳಿಬರುತ್ತದೆ. ತಾಯಿಯ ಪಟ್ಟಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಆ ಪಟ್ಟಿಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಮಗನೂ "ಹೋಗಲಿ ಬಿಡಮ್ಮಾ, ಮಕ್ಕಳಲ್ಲವೇ" ಎಂದು ಹಗುರ ಮಾಡಲಿಲ್ಲ, ಪೂರ್ತಿ ಕೇಳಿಸಿಕೊಂಡರು. ನಮ್ಮ ಬೀದಿಗಳಲ್ಲಿ ಹಿರಿಯರನ್ನು ಕೆರಳಿಸುವುದು ಚೆಂಡಿಗಿಂತ ಹೆಚ್ಚಾಗಿ ಈ "ಮಕ್ಕಳಲ್ಲವೇ" ಎಂಬ ಮಾತು. ಶಿಲುಬೆಯನ್ನು ತೋರಿಸುವ ಅಧಿಕಾರವೂ ಎಲ್ಲರಿಗೂ ಇಲ್ಲ. ಆ ತಾಯಿಯ ಕಷ್ಟದಲ್ಲಿ ದಿನವೂ ಪಾಲು ಹೊತ್ತಿದ್ದ ಮಗನಿಗೆ ಇತ್ತು. ಎಂದೂ ಎದುರು ಮನೆಯ ಬಾಗಿಲು ತಟ್ಟದವರು "ಕ್ರೈಸ್ತರಾಗಿ ಸ್ವಲ್ಪ ಸಹಿಸಿಕೊಳ್ಳಬಾರದೇ ತಾತ?" ಎಂದರೆ ಅದು ಬರೀ ಬುದ್ಧಿವಾದ.

ಮನೆಗಳಲ್ಲಿ ಏನು ಮಾಡಬಹುದು

ತಂದೆತಾಯಿಗಳೇ, ಮೊದಲ ಹೆಜ್ಜೆ ನಿಮ್ಮದು. ಮಗುವಿನ ಕೈ ಹಿಡಿದುಕೊಂಡು ಎದುರು ಮನೆಗೆ ಹೋಗಿ, ಜಗಳವಾದ ದಿನವಲ್ಲ, ಅದಕ್ಕೆ ಮೊದಲೇ. "ಅಜ್ಜಿ, ಇವನು ನಮ್ಮ ಮಗ" ಎಂದು ಹೆಸರು ಹೇಳಿಸಿ. ಹೆಸರು ಗೊತ್ತಿರುವ ಮಗುವಿನ ಕೂಗು ಹೆಸರು ಗೊತ್ತಿಲ್ಲದ ಮಗುವಿನ ಕೂಗಿಗಿಂತ ಕಡಿಮೆ ಕೇಳಿಸುತ್ತದೆ. ಇದನ್ನು ಯಾವ ಯಂತ್ರವೂ ಅಳೆಯಲಾರದು, ಆದರೆ ನೀವೇ ನೋಡಿ. ಊಟದ ನಂತರ ನಾಲ್ಕು ಗಂಟೆಯವರೆಗೆ ಸದ್ದಿನ ಆಟ ಬೇಡ ಎಂದು ಮನೆಯಲ್ಲೇ ಕಟ್ಟಳೆ ಮಾಡಿ. ಗಟ್ಟಿ ಚೆಂಡು ಬೀದಿಗೆ ಬೇಡ, ಟೆನಿಸ್ ಚೆಂಡು ಸಾಕು. ಗಾಜು ಒಡೆದರೆ ಮಗು ಹೇಳುವ ಮೊದಲೇ ಓಡಿಹೋಗದಂತೆ ಕಲಿಸಿ, ಹಣವನ್ನು ನೀವು ಕೊಡಿ. ಬೀದಿಯಲ್ಲಿ ಕಾಯಿಲೆಯವರಿದ್ದರೆ ಅದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. "ಆ ಮನೆಯ ತಾತನಿಗೆ ತುಂಬಾ ಹುಷಾರಿಲ್ಲ" ಎಂದರೆ ಮಕ್ಕಳು ತಾವಾಗಿಯೇ ಮುಂದಿನ ತಿರುವಿಗೆ ಹೋಗುವುದನ್ನು ಕಂಡಿದ್ದೇನೆ. ದೊಡ್ಡವರು ಮಾತ್ರ ಸಾವಿನ ಮನೆ ಮುಂದೆಯೂ ಹಾರ್ನ್ ಬಾರಿಸುತ್ತಾರೆ. ಮತ್ತೊಂದು: ಈ ಜಗಳವನ್ನು ವಾಟ್ಸಾಪ್ ಗುಂಪಿಗೆ ಒಯ್ಯಬೇಡಿ. ಎರಡು ಮನೆಗಳಲ್ಲಿ ಮುಗಿಯಬೇಕಾದದ್ದು ಅಲ್ಲಿ ನಲವತ್ತು ಮನೆಗಳ ಜಗಳವಾಗುತ್ತದೆ.

ಹಿರಿಯರೇ, ನಿಮ್ಮಲ್ಲೊಂದು ಬಿನ್ನಹ. ಬೈಯುವ ಬದಲು ಕಾರಣ ಹೇಳಿ ನೋಡಿ. "ಹೋಗ್ರೋ ಆಚೆ" ಎಂದರೆ ಮಕ್ಕಳು ಹೋಗುತ್ತಾರೆ, ಮರಳಿ ಬರುತ್ತಾರೆ. "ರಾತ್ರಿ ನಿದ್ದೆ ಬರಲಿಲ್ಲ ಕಣಪ್ಪಾ, ಒಂದು ಗಂಟೆ ಬಿಟ್ಟು ಆಡಿ" ಎಂದರೆ ಅರ್ಥ ಮಾಡಿಕೊಳ್ಳುತ್ತಾರೆ. ಚೆಂಡು ಒಳಗೆ ಬಿದ್ದರೆ ಹಿಂದಿರುಗಿಸಿ. ಬೇಕಾದರೆ ದಿನಕ್ಕೆ ಎರಡು ಸಲ ಮಾತ್ರ ಎಂದು ಲೆಕ್ಕ ಇಡಿ, ಮೂರನೆಯ ಸಲ ಬಿದ್ದದ್ದು ಮರುದಿನಕ್ಕೆ. ಅದನ್ನು ಮಕ್ಕಳು ನ್ಯಾಯವೆಂದು ಒಪ್ಪುತ್ತಾರೆ. ಕಾಲಿಗೆ ಶಕ್ತಿಯಿದ್ದರೆ ಸಂಜೆ ಒಂದು ಕುರ್ಚಿ ಹೊರಗೆ ಹಾಕಿಸಿಕೊಳ್ಳಿ. ರನ್ ಔಟೋ ಅಲ್ಲವೋ ಎಂಬ ಜಗಳಕ್ಕೆ ಮಕ್ಕಳಿಗೆ ಯಾವಾಗಲೂ ಒಬ್ಬ ಅಂಪೈರ್ ಬೇಕು. ನಿಮ್ಮ ಕಾಲದ ಚಿನ್ನಿದಾಂಡಿನ ಅಳತೆಯ ಲೆಕ್ಕವನ್ನು ಇಂದಿನ ಮಕ್ಕಳಿಗೆ ಹೇಳಿಕೊಡಲು ಬೇರೆ ಯಾರೂ ಇಲ್ಲ.

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರಿಗಾಗಿ, ಹಿರಿಯರಿಗಾಗಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಮೀಸಲಿಟ್ಟರು. 2024ರ ಮೇ ತಿಂಗಳಲ್ಲಿ ಮೊದಲ ವಿಶ್ವ ಮಕ್ಕಳ ದಿನವನ್ನು ರೋಮಿನಲ್ಲಿ ಆಚರಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲನೆಯ ದಿನ ಹಿರಿಯರಿಗೆ ಶಾಲು ಹೊದಿಸುತ್ತೇವೆ, ಮಕ್ಕಳ ದಿನ ಮಕ್ಕಳಿಗೆ ಮಿಠಾಯಿ ಹಂಚುತ್ತೇವೆ. ಎರಡನ್ನೂ ಒಂದೇ ಸಂಜೆ ಒಂದೇ ಅಂಗಳದಲ್ಲಿ ಮಾಡಿ ನೋಡಿದರೇನು?

ಅಂಗಳದ ಮಾತು ಬಂತು. ನಗರದ ಅನೇಕ ಬಡಾವಣೆಗಳಲ್ಲಿ ಉಳಿದಿರುವ ಒಂದೇ ಬಯಲು ದೇವಾಲಯದ ಆವರಣ. ಅದಕ್ಕೂ ಈಗ ಟೈಲ್ಸ್ ಹಾಸಿದ್ದೇವೆ, ಹೂಕುಂಡ ಜೋಡಿಸಿದ್ದೇವೆ, ಪೂಜೆ ಮುಗಿದೊಡನೆ ಗೇಟಿಗೆ ಬೀಗ. ಆವರಣದಲ್ಲಿ ಮೌನ ಬೇಕೆನ್ನುವುದು ಸರಿ, ಪ್ರಾರ್ಥನೆಗೆ ಬರುವವರಿರುತ್ತಾರೆ. ಆದರೆ ಮತ್ತಾಯನ ಶುಭಸಂದೇಶದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ದೇವಾಲಯದೊಳಗೆ ಕೂಗುತ್ತಿದ್ದ ಮಕ್ಕಳನ್ನು ಕಂಡು ಸಿಟ್ಟಾದವರು ಯಾರು, ಮಕ್ಕಳ ಪರವಾಗಿ ಮಾತನಾಡಿದವರು ಯಾರು ಎಂದು ಓದಿ ನೋಡಿ. ವಾರದಲ್ಲಿ ಮೂರು ಸಂಜೆಯಾದರೂ ನಾಲ್ಕೂವರೆಯಿಂದ ಆರೂವರೆಯವರೆಗೆ ಗೇಟು ತೆಗೆದಿಡಲು, ಮರದ ಕೆಳಗೆ ಹಿರಿಯರಿಗೆ ನಾಲ್ಕು ಬೆಂಚು ಹಾಕಲು ಪಾಲನಾ ಸಮಿತಿಗಳು ಯೋಚಿಸಬೇಕು. ಹುಡುಗಿಯರಿಗಾಗಿ ಬೇರೆಯೇ ಒಂದು ಸಂಜೆ ಇಟ್ಟರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಜಾಗವೆಲ್ಲ ಕ್ರಿಕೆಟ್ಟಿನ ಪಾಲಾಗುತ್ತದೆ.

ಈ ತಿಂಗಳ ಕಿರು ಕ್ರೈಸ್ತ ಸಮುದಾಯದ ಸಭೆಗಳಲ್ಲಿ ಜೆಕರ್ಯನ ಎಂಟನೆಯ ಅಧ್ಯಾಯದ ಮೊದಲ ಎಂಟು ವಚನಗಳನ್ನು ಓದಿ. ಬೀದಿಯ ಅತ್ಯಂತ ಹಿರಿಯರೊಬ್ಬರು ನಾಲ್ಕನೆಯ ವಚನವನ್ನೂ, ಒಂದು ಮಗು ಐದನೆಯ ವಚನವನ್ನೂ ಓದಲಿ. ನಿಮ್ಮ ಬೀದಿಯಲ್ಲಿ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿಯ ಹೆಸರು ಹಿರಿಯರಿಗೆ ಗೊತ್ತು ಎಂದು ಅಲ್ಲೇ ಎಣಿಸಿ ನೋಡಿ. ಸಭೆಯನ್ನು ಸಂಜೆ ಏಳರ ನಂತರ ಇಟ್ಟುಕೊಳ್ಳಿ, ಅದಕ್ಕೆ ಮೊದಲು ಮಕ್ಕಳು ಬರಲಾರರು, ಅದು ಆಟದ ಹೊತ್ತು.